ಓಡಿ ಪಟ್ಟಿ ಎತ್ತೋ ಕಾಲ

ಬೆಳಗಿನ ಐದಕ್ಕೆ ಇಂಡಿಯಿಂದ ಸಿಂದಗಿ ಕಡೆಗೋ ವಿಜಯಪುರದ ಕಡೆಗೋ ಬೈಕ್ ಹತ್ತಿ ಹೊರಟವರಿಗೆ ಈ ಹುಡುಗರು ಗೊತ್ತಿರ್ತಾರೆ. ಐದಾರು ಮಂದಿ, ಕಾಲಲ್ಲಿ ಸವೆದ ಕ್ಯಾನ್ವಾಸ್ ಬೂಟು, ಒಬ್ಬನ ಕೈಯಲ್ಲಿ ಮೊಬೈಲ್ ಸ್ಟಾಪ್‌ವಾಚ್. ಸೇನಾ ಭರ್ತಿಗೋ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೋ 1600 ಮೀಟರ್ ಓಡೋದನ್ನ ಪಳಗಿಸಿಕೊಳ್ತಿರ್ತಾರೆ. ನಮ್ಮ ಕಡೆ ಓಟ ಅಂದ್ರೆ ಇದೇ: ನೌಕರಿಗಾಗಿ ಓಡೋದು. ಬೆಂಗಳೂರಿಂದ ದೀಪಾವಳಿಗೆ ಊರಿಗೆ ಬಂದವರು ಅದೇ ರಸ್ತೆಯಲ್ಲಿ ಬಣ್ಣಬಣ್ಣದ ಶೂ ಹಾಕಿಕೊಂಡು ಓಡಿದ್ರೆ ಕಟ್ಟೆ ಮೇಲೆ ಕುಂತ ಹಿರಿಯರು ಕೇಳೋದು ಒಂದೇ ಪ್ರಶ್ನೆ: "ಯಾವ ಭರ್ತಿ ಐತಿ ತಮ್ಮಾ?"

"ಭರ್ತಿ ಅಲ್ಲ ಕಾಕಾ, ಮ್ಯಾರಥಾನ್. ನಾ ಓಡಿದ್ದಕ್ಕ ಗೆಳ್ಯಾರು ರೊಕ್ಕ ಕೊಡ್ತಾರ, ಅದು ನೆರೆ ಬಂದ ಊರಿಗೆ ಹೋಗ್ತದ" ಅಂದರೆ ಕಾಕಾ ನಿಮ್ಮ ಮುಖ ನೋಡ್ತಾರೆ. ಓಡೋನು ಒಬ್ಬ, ಕೊಡೋನು ಇನ್ನೊಬ್ಬ, ಮುಟ್ಟೋದು ಮೂರನೆಯವನಿಗೆ. ಸೀದಾ ಕೊಟ್ರೆ ಆಗೋದಿಲ್ಲೇನು? ನ್ಯಾಯವಾದ ಪ್ರಶ್ನೆ.

ಆದರೆ ಕಾಕಾನಿಗೆ ಇದು ಹೊಸದೇನಲ್ಲ, ಹೆಸರು ಮಾತ್ರ ಹೊಸದು. ಯುಗಾದಿ ಹೊತ್ತಿಗೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯೋರು, ಆಷಾಢದಲ್ಲಿ ದಿಂಡಿ ಕಟ್ಟಿಕೊಂಡು ಪಂಢರಪುರಕ್ಕೆ ಹೋಗೋರು ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಇದ್ದಾರೆ. ನಡೆಯೋನು ಒಬ್ಬ. ದಾರಿಯಲ್ಲಿ ಪೆಂಡಾಲ್ ಹಾಕಿ ಅವನಿಗೆ ಊಟ ಇಕ್ಕೋರು, ಕಾಲು ತಿಕ್ಕೋರು, ಗುಳ್ಳೆಗೆ ಮುಲಾಮು ಹಚ್ಚೋರು ಬೇರೆಯವರು. ಒಬ್ಬನ ಕಾಲುನೋವು ಇನ್ನೊಬ್ಬನ ಕೈ ಬಿಚ್ಚಿಸ್ತದೆ ಅನ್ನೋದನ್ನ ಬಸವನ ಬಾಗೇವಾಡಿಯ ನೆಲಕ್ಕೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ದಾಸೋಹ ಅನ್ನೋ ಮಾತು ಇಲ್ಲಿ ಮನೆಮಾತು. ಬಂಥನಾಳದ ಸಂಗನಬಸವ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಬಿ.ಎಲ್.ಡಿ.ಇ. ಸಂಸ್ಥೆಗೆ ಹಣ ಕೂಡಿಸಿದ್ದನ್ನ ಹಿರಿಯರು ಇವತ್ತಿಗೂ ಹೇಳ್ತಾರೆ. 2009ರ ಮಹಾನೆರೆಯಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತಾಗ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಪರಿಹಾರದ ಹಣಕ್ಕಾಗಿ ಬೆಂಗಳೂರಿನ ಬೀದಿಯಲ್ಲಿ ಪಾದಯಾತ್ರೆ ಮಾಡಿದ್ದು ಟೀವಿಯಲ್ಲಿ ನೋಡಿದ ನೆನಪು ಹಲವರಿಗೆ ಇರಬೇಕು.

ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಕಡೆಯ ಎಷ್ಟೋ ಓಟಗಾರರಿಗೇ ಗೊತ್ತಿಲ್ಲದ್ದು. ಒಲಿಂಪಿಕ್ ಮ್ಯಾರಥಾನ್‌ನಲ್ಲಿ ಭಾರತದ ಪರವಾಗಿ ಮೊದಲು ಗುರಿ ಮುಟ್ಟಿದವರು ಬೆಳಗಾವಿ ಸೀಮೆಯವರು: ಫಡೆಪ್ಪ ದರೆಪ್ಪ ಚೌಗುಲೆ. 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಓಡಿ 2 ಗಂಟೆ 50 ನಿಮಿಷದ ಆಸುಪಾಸಿನಲ್ಲಿ ಮುಗಿಸಿ 19ನೇ ಸ್ಥಾನ ಪಡೆದರು. ಅವರನ್ನ ಹಡಗು ಹತ್ತಿಸಿದ್ದಾದರೂ ಏನು? ದಾನದ ದುಡ್ಡು. ಆ ತಂಡದ ಖರ್ಚಿಗೆ ದೊರಾಬ್ಜಿ ಟಾಟಾ ಕೈಯಿಂದ ಹಾಕಿದ್ದರು. ಓಟಕ್ಕೂ ಪಟ್ಟಿಗೂ ಇಲ್ಲಿ ನೂರು ವರ್ಷದ ನಂಟು ಅಂದರೆ ತಪ್ಪಿಲ್ಲ.

ಹೊರಗಿನ ಜಗತ್ತಿನಲ್ಲಿ ಈ ನಂಟು ದೊಡ್ಡದಾಗಿ ಬೆಳೆದಿದೆ. ಕೆನಡಾದ ಟೆರ್ರಿ ಫಾಕ್ಸ್ ಅನ್ನೋ ಹುಡುಗ ಕ್ಯಾನ್ಸರ್‌ಗೆ ಒಂದು ಕಾಲು ಕೊಟ್ಟು, 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ ಓಡಿ, 5,373 ಕಿಲೋಮೀಟರ್‌ಗೆ ನಿಂತ. ರೋಗ ಶ್ವಾಸಕೋಶಕ್ಕೆ ಹರಡಿತ್ತು. ಅವನ ಹೆಸರಿನ ಓಟ ಇಂದಿಗೂ ಕ್ಯಾನ್ಸರ್ ಸಂಶೋಧನೆಗೆ ಹಣ ತರ್ತಿದೆ. ಪಂಜಾಬಿನಲ್ಲಿ ಹುಟ್ಟಿದ ಫೌಜಾ ಸಿಂಗ್ ಅಜ್ಜ ಎಂಬತ್ತೊಂಬತ್ತರ ವಯಸ್ಸಿನಲ್ಲಿ, 2000ದಲ್ಲಿ, ಲಂಡನ್ ಮ್ಯಾರಥಾನ್‌ಗೆ ಇಳಿದದ್ದು ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಸಂಸ್ಥೆಗೆ ಹಣ ಕೂಡಿಸಲಿಕ್ಕೆ. 2025ರ ಜುಲೈನಲ್ಲಿ ತನ್ನ ಹಳ್ಳಿಯ ಹತ್ತಿರವೇ ಕಾರು ಬಡಿದು ತೀರಿಕೊಂಡ ಆ ಅಜ್ಜನ ಮುಂದೆ ನಮ್ಮ ಮೊಣಕಾಲು ನೋವಿನ ಪುರಾಣ ಬಿಚ್ಚಲಿಕ್ಕೆ ಬಾಯಿ ಬರೋದಿಲ್ಲ. ನಮ್ಮಲ್ಲೂ 2004ರಿಂದ ಮುಂಬೈ ಮ್ಯಾರಥಾನ್, 2008ರಿಂದ ಬೆಂಗಳೂರಿನ ವರ್ಲ್ಡ್ 10ಕೆ ಇದೇ ದಾರಿಯಲ್ಲಿವೆ. ಓಟಗಾರ ಒಂದು ಸಂಸ್ಥೆಯನ್ನ ಆರಿಸ್ತಾನೆ, ಅದರ ಹೆಸರಿನಲ್ಲಿ ದೇಣಿಗೆಯ ಪುಟ ತೆರೀತಾನೆ, ಗೆಳೆಯರಿಗೆ ಲಿಂಕ್ ಕಳಿಸ್ತಾನೆ.

ಬಹಳ ಮಂದಿ ತಪ್ಪು ತಿಳಿಯೋದು ಇಲ್ಲೇ. ನೀವು ಕಟ್ಟೋ ನೋಂದಣಿ ಶುಲ್ಕ ಸಾಮಾನ್ಯವಾಗಿ ಓಟ ನಡೆಸೋ ಖರ್ಚಿಗೆ ಹೋಗ್ತದೆ, ಸಂಸ್ಥೆಗಲ್ಲ. ಹಾಗಾಗಿ ಬರೀ ಓಡಿ, ಮೆಡಲ್ ಹಲ್ಲಲ್ಲಿ ಕಚ್ಚಿಕೊಂಡು ಫೋಟೋ ಹಾಕಿ, "ನೆರೆ ಸಂತ್ರಸ್ತರಿಗಾಗಿ ಓಡಿದೆ" ಅಂದರೆ ಸಂತ್ರಸ್ತರಿಗೆ ಬಂದದ್ದು ಏನೂ ಇಲ್ಲ.

ನಮ್ಮ ಜಿಲ್ಲೆಯಲ್ಲೇ ಈಗ ಓಟ ಇದೆ. ವಿಜಯಪುರದ ವೃಕ್ಷಥಾನ್ ಹೆರಿಟೇಜ್ ರನ್, ಕೋಟಿ ವೃಕ್ಷ ಅಭಿಯಾನದ ಜೊತೆ ಬೆಳೆದದ್ದು. ಗಿಡ ನೆಡೋದು, ಗೋಳಗುಮ್ಮಟದಂಥ ಸ್ಮಾರಕ ಉಳಿಸೋದು ಅದರ ಮಾತು. 21 ಕಿಲೋಮೀಟರ್ ಓಡಲಾಗದವರಿಗೆ 10, 5 ಇದೆ. ಭರ್ತಿ ಹುಡುಗರು, ಡಾಕ್ಟರುಗಳು, ಸೀರೆ ಮೇಲೆ ಶೂ ಹಾಕಿದ ಅಕ್ಕಂದಿರು ಒಟ್ಟಿಗೆ ಓಡಬಹುದಾದ ಜಾಗ ಅದು. ಬರಗಾಲದ ಜಿಲ್ಲೆಗೆ ಗಿಡ ಬೇಕೇ ಬೇಕು. ಆದರೆ ಬರ ಇರೋ ನಮ್ಮ ಜಿಲ್ಲೆಗೆ ನೆರೆಯೂ ಇದೆಯಲ್ಲ! ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಉಜನಿ, ವೀರ ಅಣೆಕಟ್ಟೆಗಳ ಗೇಟು ಎತ್ತಿದರೆ ಇಂಡಿ, ಚಡಚಣ, ಆಲಮೇಲದ ಭೀಮಾ ತೀರದಲ್ಲಿ ನಮ್ಮ ಆಕಾಶ ಬಿಳಿಯಾಗಿದ್ದರೂ ನೀರು ಏರ್ತದೆ. 2020ರ ಅಕ್ಟೋಬರ್‌ನಲ್ಲಿ ಹಾಗಾಯ್ತು, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಹಾಗೇ ಆಯ್ತು. ಅತ್ತ ಕೃಷ್ಣೆ, ನಡುವೆ ಡೋಣಿ. ಓಡಿ ಎತ್ತೋ ಪಟ್ಟಿಗೆ ಇದಕ್ಕಿಂತ ಹತ್ತಿರದ ಕಾರಣ ಬೇಕಿಲ್ಲ.

ಸರ್ಕಾರ ಕೊಡೋದಿಲ್ವಾ ಅಂತ ಕೇಳ್ತೀರಿ. ಕೊಡ್ತದೆ. ಕೇಂದ್ರದ ವಿಪತ್ತು ನಿಧಿ ನಿಯಮದ ಪ್ರಕಾರ ಮಳೆಯಾಶ್ರಿತ ಬೆಳೆ ಹೋದರೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಅದೂ 2 ಹೆಕ್ಟೇರಿನ ಮಿತಿಗೆ. ಪೂರ್ತಿ ಬಿದ್ದ ಮನೆಗೆ ಬಯಲು ಸೀಮೆಯಲ್ಲಿ 1.2 ಲಕ್ಷ. ರಾಜ್ಯ ಕೆಲವು ಸಲ ಮೇಲೆ ಸೇರಿಸ್ತದೆ. ಆದರೆ ಬೆಳೆಹಾನಿ ಹಣ ಬರೋದು ಪಹಣಿಯಲ್ಲಿ ಹೆಸರಿದ್ದವನಿಗೆ. ಲಾವಣಿಗೆ ಹಿಡಿದು, ಬೀಜ ಗೊಬ್ಬರಕ್ಕೆ ಸಾಲ ಮಾಡಿ, ತೊಗರಿ ಬಿತ್ತಿದವನ ಹೆಸರು ಅಲ್ಲಿ ಇರೋದಿಲ್ಲ. ಕೂಲಿಗೆ ಹೋಗೋ ಹೆಣ್ಣುಮಗಳಿಗೆ ನೀರು ಇಳಿದ ಮೇಲೂ ಹೊಲಕ್ಕೆ ಕಾಲಿಡಲಾಗದ ವಾರಗಳಲ್ಲಿ ಪಗಾರ ಇಲ್ಲ. ಬಣವೆಯ ಕಣಿಕೆ ತೇಲಿಹೋದರೆ ಎಮ್ಮೆಗೆ ಏನು ಹಾಕೋದು? ಹೊಳೆ ದಂಡೆಯ ಪಂಪು, ಪೈಪು, ಮಕ್ಕಳ ಪಾಟಿಚೀಲ, ತೊಯ್ದುಹೋದ ಆಧಾರ್ ಕಾರ್ಡು... ಸಣ್ಣ ಸಣ್ಣ ಸಾಮಾನು, ಆದರೆ ಯಾವ ಕಾಲಮ್ಮಿನಲ್ಲೂ ಸುಲಭಕ್ಕೆ ಕೂರೋದಿಲ್ಲ. ನಿಮ್ಮ ನಲವತ್ತು ಸಾವಿರ ಕೆಲಸಕ್ಕೆ ಬರೋದು ಇಲ್ಲೇ. ಹಳೇ ಬಟ್ಟೆ ಮಾತ್ರ ಬೇಡಪ್ಪ. ಪ್ರತಿ ನೆರೆಯಲ್ಲೂ ಲಾರಿಗಟ್ಟಲೆ ಬರೋ ಹಳೇ ಬಟ್ಟೆ ಕಡೆಗೆ ರಸ್ತೆ ಬದಿ ಗುಡ್ಡೆ ಬೀಳ್ತದೆ; ಮನೆ ಕಳಕೊಂಡವರು ಮಾನ ಕಳಕೊಂಡಿರೋದಿಲ್ಲ.

ನಲವತ್ತು ಸಾವಿರ ಎಲ್ಲಿಂದ ಅಂದ್ರೆ, ಲೆಕ್ಕ ಹೀಗೆ. ಕಿಲೋಮೀಟರಿಗೆ 50 ರೂಪಾಯಿ ಕೇಳಿ. 21 ಕಿಲೋಮೀಟರಿಗೆ ಒಬ್ಬರಿಂದ 1,050. ನಲವತ್ತು ಜನ ಒಪ್ಪಿದರೆ 42,000. ಆಫೀಸಿನ ಗ್ರೂಪಿಗೆ ಒಂದು ಮೆಸೇಜ್ ಎಸೆದು ಕುಂತರೆ ಬರೋದು ಬರೀ ಕೈಮುಗಿದ ಇಮೋಜಿ. ಒಬ್ಬೊಬ್ಬರಿಗೇ ಹೆಸರು ಹಿಡಿದು ಫೋನ್ ಮಾಡಬೇಕು. ಇಂಥ ಊರು, ಇಂಥ ಕೆಲಸ, ಇಷ್ಟು ಬೇಕು ಅಂತ ಹೇಳಬೇಕು. ನಿಮ್ಮ ಕಂಪನಿ ಉದ್ಯೋಗಿಗಳ ದೇಣಿಗೆಗೆ ಅಷ್ಟೇ ಮೊತ್ತ ಸೇರಿಸ್ತದಾ ಅಂತ ಎಚ್‌ಆರ್‌ಗೆ ಕೇಳಿ; ಕೆಲವು ಕಡೆ ಆ ಸವಲತ್ತು ಇದ್ದೂ ಯಾರೂ ಕೇಳಿರೋದಿಲ್ಲ. ತೆರಿಗೆ ವಿನಾಯಿತಿ ಆಸೆ ತೋರಿಸೋ ಮುನ್ನ ಎಚ್ಚರ: 80ಜಿ ವಿನಾಯಿತಿ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇಲ್ಲ, ಹಳೆಯದರಲ್ಲೂ 2,000 ರೂಪಾಯಿ ಮೀರಿದ ನಗದಿಗೆ ಇಲ್ಲ. ಯಾವ ಸಂಸ್ಥೆಯೂ ಗೊತ್ತಿಲ್ಲ ಅಂದ್ರೆ ಮುಖ್ಯಮಂತ್ರಿ ಪರಿಹಾರ ನಿಧಿ ಇದ್ದೇ ಇದೆ. ಹಣ ನಿಮ್ಮ ಸ್ವಂತ ಯುಪಿಐಗೆ ತರಿಸಿಕೊಳ್ಳೋದು ಮಾತ್ರ ಬೇಡ. ನೀವು ಎಷ್ಟೇ ನೆಟ್ಟಗಿದ್ದರೂ ಮಾತು ಬರ್ತದೆ.

ಖರ್ಚಿನ ಬಗ್ಗೆಯೂ ನೇರ ಮಾತು. ಮುಂಬೈಗೆ ಹೋಗಿ ಬಂದು ಹೋಟೆಲು, ಶೂ ಎಲ್ಲ ಸೇರಿ ಹದಿನೈದು ಸಾವಿರ ಸುರಿದು ಇಪ್ಪತ್ತು ಸಾವಿರ ಕೂಡಿಸೋದಾದರೆ ಕಾಕಾ ಹೇಳಿದ್ದೇ ಸರಿ, ಸೀದಾ ಕೊಟ್ಟುಬಿಡಿ. ಹತ್ತಿರದ ಓಟ ಹಿಡಿಯಿರಿ, ನಿಮ್ಮ ಖರ್ಚು ನಿಮ್ಮ ಜೇಬಿನದು.

ತಯಾರಿ ಬಗ್ಗೆ ಫೋನ್ ತುಂಬ ವಿಡಿಯೋ ಇವೆ, ನಾನು ಹೆಚ್ಚು ಹೇಳೋದಿಲ್ಲ. ಹೊಸಬರಿಗೆ ಹಾಫ್ ಮ್ಯಾರಥಾನ್‌ಗೆ ನಾಲ್ಕೈದು ತಿಂಗಳು ಬೇಕು. ಡಿಸೆಂಬರಿನ ಓಟಕ್ಕೆ ಜುಲೈನಲ್ಲೇ ಶುರು ಮಾಡಿ. ನಮ್ಮ ಕಡೆ ಬಿಸಿಲು ಬೇಗ ಏರ್ತದೆ, ಏಳರೊಳಗೆ ಮನೆ ಸೇರಿ. ಮಳೆಗಾಲದಲ್ಲಿ ಎರಿ ಹೊಲದ ದಾರಿ ಹಿಡಿದರೆ ಒಂದೊಂದು ಬೂಟಿಗೆ ಒಂದೊಂದು ಕೆಜಿ ಮಣ್ಣು, ಡಾಂಬರೇ ಮೇಲು. ಬರೀ ನೀರನ್ನ ಲೀಟರ್‌ಗಟ್ಟಲೆ ಕುಡಿಯೋದೂ ಅಪಾಯ, ಉಪ್ಪು ಬೇಕು. 2023ರಲ್ಲಿ ಜಿಐ ಮಾನ್ಯತೆ ಪಡೆದ ಇಂಡಿ ನಿಂಬೆ ಇರೋ ಊರಿನವರು ಬಣ್ಣದ ಡ್ರಿಂಕ್ ಯಾಕೆ ಕೊಳ್ಳಬೇಕು? ನಿಂಬೆ, ಉಪ್ಪು, ಸಕ್ಕರೆ, ನೀರು.

ಓಟ ಮುಗಿದ ಮೇಲೆ ಇನ್ನೊಂದು ಕೆಲಸ ಬಾಕಿ. ಜಾತ್ರೆ ಮುಗಿದ ಮೇಲೆ ಗುಡಿ ಕಟ್ಟೆಯಲ್ಲಿ ಕುಂತು ಯಾರು ಎಷ್ಟು ಕೊಟ್ರು, ಯಾವುದಕ್ಕೆ ಎಷ್ಟು ಹೋಯ್ತು ಅಂತ ಓದಿ ಹೇಳೋ ರೂಢಿ ನಮ್ಮ ಊರುಗಳಲ್ಲಿದೆ. ಹಾಗೇ ಕೊಟ್ಟ ನಲವತ್ತೂ ಜನಕ್ಕೆ ಕಳಿಸಿ: ಕಣಿಕೆ ಎಷ್ಟು ಟ್ರ್ಯಾಕ್ಟರ್ ಬಂತು, ಪಾಟಿಚೀಲ ಎಷ್ಟು, ಸಂಸ್ಥೆಯ ರಸೀದಿ ಎಲ್ಲಿದೆ, ಉಳಿದದ್ದೆಷ್ಟು. ಪಡೆದವರ ಮುಖದ ಫೋಟೋ ಬೇಡ, ಬಿಲ್ಲಿನ ಫೋಟೋ ಸಾಕು.