ಪಿಂಚಣಿ ಏರುವುದು ಹೇಗೆ, ಕೈಸೇರುವುದು ಹೇಗೆ?



ಮದ್ದೂರು–ಮಳವಳ್ಳಿ ರಸ್ತೆಯಲ್ಲಿರುವ ಭಾರತೀನಗರದ ಒಂದು ಬೀದಿಯನ್ನು ಊಹಿಸಿಕೊಳ್ಳಿ. ಅಲ್ಲಿ ಸರ್ಕಾರಿ ಶಾಲೆಯ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಪಕ್ಕದ ಮನೆಯಲ್ಲಿ ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿ ದಣಿದ ಅಜ್ಜಿಯೊಬ್ಬರಿದ್ದಾರೆ. ಇಬ್ಬರಿಗೂ ಪಿಂಚಣಿ ಬರುತ್ತದೆ. ಆದರೆ ಅದು ಏರುವ ರೀತಿ ಮಾತ್ರ ಬೇರೆ ಬೇರೆ.

ಮೊದಲು ಮೇಷ್ಟ್ರ ಪಿಂಚಣಿ. ಪೂರ್ಣ ಅರ್ಹತಾ ಸೇವೆ ಸಲ್ಲಿಸಿದವರಿಗೆ ಕಡೆಯ ಮೂಲವೇತನದ ಅರ್ಧದಷ್ಟು ಪಿಂಚಣಿ ಸಿಗುತ್ತದೆ. ಬೆಂಗಳೂರಿನ ಮಹಾಲೇಖಪಾಲರ ಕಚೇರಿ ಲೆಕ್ಕ ಪರಿಶೀಲಿಸಿ ಪಿಂಚಣಿ ಪಾವತಿ ಆದೇಶ ಹೊರಡಿಸುತ್ತದೆ. ಅದು ಖಜಾನೆ ತಲುಪಿದ ಮೇಲೆ ತಿಂಗಳು ತಿಂಗಳೂ ಹಣ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ.

ಬೆಲೆ ಏರಿದಾಗ ಈ ಹಣದ ಬೆಲೆ ಇಳಿಯುತ್ತದಲ್ಲವೆ? ಅದನ್ನು ತುಂಬಿಕೊಡುವುದೇ ತುಟ್ಟಿಭತ್ಯೆ. ಕಾರ್ಮಿಕ ಕುಟುಂಬಗಳು ಕೊಳ್ಳುವ ವಸ್ತುಗಳ ಬೆಲೆ ಸೂಚ್ಯಂಕವನ್ನು ನೋಡಿ ಕೇಂದ್ರ ಸರ್ಕಾರ ತನ್ನ ದರ ನಿಗದಿ ಮಾಡುತ್ತದೆ. ಅದನ್ನು ಅನುಸರಿಸಿ ರಾಜ್ಯ ಸರ್ಕಾರ ಜನವರಿ 1 ಮತ್ತು ಜುಲೈ 1ಕ್ಕೆ ಅನ್ವಯವಾಗುವಂತೆ ತನ್ನ ದರ ಪ್ರಕಟಿಸುತ್ತದೆ. 2025ರ ಜನವರಿಯಿಂದ ಕರ್ನಾಟಕದ ದರ ಶೇ. 10.75ರಿಂದ ಶೇ. 12.25ಕ್ಕೆ ಏರಿತು. ಮೂಲ ಪಿಂಚಣಿ 20,000 ರೂ. ಇದ್ದವರಿಗೆ ಭತ್ಯೆ 2,150ರಿಂದ 2,450 ರೂ. ಆಯಿತು. ಆದೇಶ ತಡವಾಗಿ ಬಂದರೆ ವ್ಯತ್ಯಾಸದ ಹಣ ಹಿಂಬಾಕಿಯಾಗಿ ಸಿಗುತ್ತದೆ.

ಕೆಲವು ವರ್ಷಗಳಿಗೊಮ್ಮೆ ವೇತನ ಆಯೋಗ ಮೂಲ ಪಿಂಚಣಿಯನ್ನೇ ಪರಿಷ್ಕರಿಸುತ್ತದೆ. 7ನೇ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ, ಹಳೆಯ ಮೂಲ ಪಿಂಚಣಿಗೆ ಶೇ. 31ರ ತುಟ್ಟಿಭತ್ಯೆ ಹಾಗೂ ಶೇ. 27.5 ಸೇರಿಸಲಾಯಿತು. 10,000 ರೂ. ಇದ್ದದ್ದು 15,850 ರೂ. ಆಯಿತು.

ಇನ್ನು ಅಜ್ಜಿಯ ಮಾತು. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದ ಬಡ ಕೂಲಿಕಾರರು, ಸಣ್ಣ ರೈತರು, ನೇಕಾರರು ಮೊದಲಾದವರಿಗೆ. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ಈ ಮಾಸಾಶನ 2021ರಲ್ಲಿ 1,000ದಿಂದ 1,200 ರೂ.ಗೆ ಏರಿತು. ಇದಕ್ಕೆ ತುಟ್ಟಿಭತ್ಯೆಯಿಲ್ಲ. ಅಕ್ಕಿ, ಬೇಳೆ, ಔಷಧಿಯ ಬೆಲೆ ಎಷ್ಟೇ ಏರಲಿ, ಸರ್ಕಾರ ಹೊಸದಾಗಿ ತೀರ್ಮಾನಿಸುವವರೆಗೆ ಮೊತ್ತ ಕದಲುವುದಿಲ್ಲ. ಅಂಗಡಿಯಲ್ಲಿ ಮಾತ್ರ ಇಬ್ಬರಿಗೂ ಒಂದೇ ಬೆಲೆ!

ಪಿಂಚಣಿ ದಾನವಲ್ಲ, ಹಕ್ಕು ಎಂದು ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ಹೇಳಿತು. ಅದು ಸರ್ಕಾರಿ ನಿವೃತ್ತರ ಮೊಕದ್ದಮೆ. ದುಡಿದು ಮುಪ್ಪಾದ ಕೂಲಿಯವರ ಮಾಸಾಶನವೂ ಬೆಲೆಯೊಡನೆ ಏರಬೇಡವೇ? ತರಗತಿಯಲ್ಲಿ ಚರ್ಚಿಸಿ.

ಕೊನೆಗೊಂದು ಕೆಲಸ. ನಿವೃತ್ತ ನೌಕರರು ಪ್ರತಿ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕು. ತಪ್ಪಿದರೆ ಪಿಂಚಣಿ ನಿಲ್ಲಬಹುದು. ನಿಮ್ಮ ಮನೆಯ ಹಿರಿಯರಿಗೆ ನೆನಪಿಸಿ. ನೆರೆಯ ಅಜ್ಜಿಯ ಪಾಸ್‌ಬುಕ್ಕನ್ನೂ ಒಮ್ಮೆ ಓದಿ ಹೇಳಿ.