ದಮ್ಮು ಇರುವವರು ಹೃದಯವನ್ನೂ ಯಾಕೆ ತೋರಿಸಬೇಕು?



ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕಡೆ ಹೊಗೆ ಮತ್ತು ಹಬೆಯ ನಡುವೆ ದುಡಿಯುವವರು ನಮ್ಮಲ್ಲಿ ಅನೇಕರಿದ್ದಾರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಮನೆಗೆ ಗ್ಯಾಸ್ ಬಂದಿದ್ದರೂ ಸ್ನಾನದ ನೀರಿಗೆ, ಮುದ್ದೆಗೆ ಸೌದೆ ಒಲೆಯೇ ಉರಿಯುವುದುಂಟು. ಜೊತೆಗೆ ಗಂಡಸರ ಬೀಡಿ ಹೊಗೆ ಬೇರೆ. ವರ್ಷಗಟ್ಟಲೆ ಹೀಗೆ ಹೊಗೆ ಕುಡಿದವರಿಗೆ ಕೆಮ್ಮು, ಕಫ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಶುರುವಾಗುತ್ತದೆ. "ವಯಸ್ಸಾಯ್ತು ಬಿಡಮ್ಮ" ಅಂತ ಸುಮ್ಮನಾಗುತ್ತೇವೆ. ಇದು ಸಿ.ಓ.ಪಿ.ಡಿ. ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರಬಹುದು.

ಶ್ವಾಸಕೋಶಕ್ಕೂ ಹೃದಯಕ್ಕೂ ಏನು ಸಂಬಂಧ?

ನಮ್ಮ ಬೋರ್‌ವೆಲ್ ನೀರಿನಿಂದ ಡ್ರಿಪ್ ಪೈಪಿನೊಳಗೆ ಉಪ್ಪು ಕಟ್ಟುವುದನ್ನು ನೀವು ನೋಡಿದ್ದೀರಿ. ರಕ್ತನಾಳದಲ್ಲೂ ಹೀಗೆಯೇ ಕೊಬ್ಬು ಕಟ್ಟಿಕೊಂಡು ಒಳದಾರಿ ಕಿರಿದಾಗುತ್ತದೆ, ನಾಳ ಗಟ್ಟಿಯಾಗುತ್ತದೆ.

ಹೊಗೆಯ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಉರಿಯೂತ ಉಂಟುಮಾಡುತ್ತವೆ. ಆ ಉರಿಯೂತದ ಪರಿಣಾಮ ರಕ್ತದ ಮೂಲಕ ಮೈಯೆಲ್ಲಾ ಹರಡಿ ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ. ಕೆಟ್ಟ ಜಾಗದಲ್ಲಿ ಕೊಬ್ಬು ಬೇಗ ಕಟ್ಟುತ್ತದೆ. ಉಸಿರು ಸಾಲದೆ ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಹೃದಯಕ್ಕೆ ಇನ್ನಷ್ಟು ಭಾರ. ಆದ್ದರಿಂದಲೇ ಸಿ.ಓ.ಪಿ.ಡಿ. ಇರುವವರಲ್ಲಿ ಹೃದಯಾಘಾತ, ಲಕ್ವ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಪ್ರತಿ 100 ಸಾವಿನಲ್ಲಿ 19 ಸಿ.ಓ.ಪಿ.ಡಿ.ಯಿಂದ. ಹೃದಯದ ರಕ್ತನಾಳದ ಕಾಯಿಲೆಯಿಂದ 32, ಲಕ್ವದಿಂದ 23! ಹೊಗೆ ಹೋಗುವುದು ಎದೆಗೂಡಿಗೆ, ಪೆಟ್ಟು ಹೆಚ್ಚಾಗಿ ಬೀಳುವುದು ರಕ್ತನಾಳಕ್ಕೆ.

ನಾವು ಏನು ಮಾಡಬಹುದು?

1. ಎರಡು ವಾರ ಮೀರಿದ ಕೆಮ್ಮು ಇದ್ದರೆ ಸಿರಪ್ ಕುಡಿದು ಕೂರಬೇಡಿ. ಮೊದಲು ಕಫ ಪರೀಕ್ಷೆ ಮಾಡಿಸಿ, ಕ್ಷಯ ಇಲ್ಲವೆಂದು ತಿಳಿಯಿರಿ. ನಂತರ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ.

2. ದಮ್ಮಿನ ಕಾಯಿಲೆ ಇದೆಯೆಂದು ಗೊತ್ತಾದರೆ ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್, ಇ.ಸಿ.ಜಿ. ಬಗ್ಗೆಯೂ ಕೇಳಿ. 30 ವರ್ಷ ದಾಟಿದವರಿಗೆ ಬಿ.ಪಿ., ಸಕ್ಕರೆ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ.

3. ಇನ್‌ಹೇಲರ್ ಚಟವಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಡಾಕ್ಟರು ಹೇಳಿದಂತೆ ತಪ್ಪದೆ ಬಳಸಿ.

4. ಗ್ಯಾಸ್ ಇದ್ದರೆ ಪೂರ್ತಿ ಅಡುಗೆ ಅದರಲ್ಲೇ ಮಾಡಿ. ಸಿಲಿಂಡರ್‌ಗೆ ಕಾಸು ಸಾಲದಿದ್ದರೆ ಸಂಘದಲ್ಲಿ ಸಣ್ಣ ಸಾಲ ಕೊಡಬಹುದು. ಸೌದೆ ಒಲೆ ಅನಿವಾರ್ಯವಾದರೆ ಹೊಗೆ ಕೊಳವೆ ಇರುವ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಅಂಥದ್ದೇ.

5. ಮನೆಯೊಳಗೆ ಬೀಡಿ, ಸಿಗರೇಟು ಬೇಡವೆಂದು ಗಟ್ಟಿಯಾಗಿ ಹೇಳಿ. ಬಿಟ್ಟರೆ ಸೇದುವವರಿಗೂ ಲಾಭ, ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭ.

ಎಚ್ಚರ: ಎದೆ ಹಿಂಡಿದಂತಾಗುವುದು, ನೋವು ತೋಳಿಗೆ ಅಥವಾ ದವಡೆಗೆ ಹರಡುವುದು, ತಣ್ಣನೆ ಬೆವರು, ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಬಲ ಕಳೆದುಕೊಳ್ಳುವುದು ಕಂಡರೆ "ದಮ್ಮು ಜಾಸ್ತಿಯಾಗಿದೆ" ಎಂದು ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ವಾರ ವಾರ ಕಟ್ಟಿದ ಉಳಿತಾಯ ಹನಿ ಹನಿಯಾಗಿ ಬೆಳೆಯುವುದು ನಮಗೆ ಗೊತ್ತು. ಹೊಗೆಯ ಕೆಡುಕೂ ಹಾಗೆಯೇ ಸದ್ದಿಲ್ಲದೆ ಬೆಳೆಯುತ್ತದೆ. ಮುಂದಿನ ಸಭೆಯಲ್ಲಿ ಲೆಕ್ಕ ಬರೆದ ಮೇಲೆ ಒಂದು ಪ್ರಶ್ನೆ ಕೇಳೋಣ: ನಮ್ಮಲ್ಲಿ ಯಾರಿಗೆ ದಮ್ಮು ಇದೆ, ಅವರು ಬಿ.ಪಿ. ನೋಡಿಸಿ ಎಷ್ಟು ದಿನವಾಯ್ತು?