ಕಾರಾಪುರದ ಸಾಬು ಹಾಲಿವುಡ್‌ಗೆ ಹೋದ ಕಥೆ

ಹಾಲಿವುಡ್ ಎಂದರೆ ನಮ್ಮ ಮನೆಯ ಮೊಮ್ಮಕ್ಕಳಿಗೆ ಸ್ಪೈಡರ್‌ಮ್ಯಾನ್. ನನ್ನ ವಾರಿಗೆಯವರಿಗೆ ಚಾರ್ಲಿ ಚಾಪ್ಲಿನ್, ಲಾರೆಲ್–ಹಾರ್ಡಿ, ಟಾರ್ಜನ್ ಮತ್ತು ‘ಬೆನ್‌ಹರ್’ ಚಿತ್ರದ ರಥದ ಓಟ. ನಮ್ಮ ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್. ಮಗ್ಗಕ್ಕೆ ರಜೆ ಇದ್ದ ದಿನ ಬಸ್ಸು ಹತ್ತಿ ಹೋಗಿ, ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾದಲ್ಲೋ ಬ್ರಿಗೇಡ್ ರಸ್ತೆಯ ರೆಕ್ಸ್‌ನಲ್ಲೋ ‘ಇಂಗ್ಲಿಷ್ ಪಿಕ್ಚರ್’ ನೋಡಿ ಬರುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದರು. ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೇನು, ಚಾಪ್ಲಿನ್ ಜಾರಿ ಬಿದ್ದರೆ ನಗುವುದಕ್ಕೆ ಇಂಗ್ಲಿಷ್ ಬರಬೇಕೇ? 1936ರಲ್ಲಿ ಶುರುವಾಗಿದ್ದ ಪ್ಲಾಜಾ ಈಗಿಲ್ಲ. ರೆಕ್ಸ್ ಕೂಡ 2018ರ ಕೊನೆಗೆ ಬಾಗಿಲು ಹಾಕಿತು. ಆದರೆ ಆ ಹಳೆಯ ಚಿತ್ರಗಳು ಎಲ್ಲಿಗೂ ಹೋಗಿಲ್ಲ. ಈಗ ಮನೆಯ ಟಿ.ವಿ.ಯಲ್ಲೇ ಸಿಗುತ್ತವೆ.

ಮಕ್ಕಳೇ, ಆ ಕಾಲದ ಹಾಲಿವುಡ್ ತಾರೆಯರ ಸಾಲಿನಲ್ಲಿ ನಮ್ಮ ಮೈಸೂರು ಸೀಮೆಯ ಹುಡುಗನೊಬ್ಬನೂ ಇದ್ದ ಎಂದರೆ ನಂಬುತ್ತೀರಾ? ಲಾಸ್ ಏಂಜಲಿಸ್ ನಗರದಲ್ಲಿ ಸಿನಿಮಾ ಮಂದಿಯ ಹೆಸರನ್ನು ನಕ್ಷತ್ರದೊಳಗೆ ಬರೆದು ಕೂರಿಸಿರುವ ಪ್ರಸಿದ್ಧ ಕಾಲುದಾರಿ ಇದೆ. ಅದರಲ್ಲಿ ಒಂದು ನಕ್ಷತ್ರ ಅವನದು. ಹೆಸರು ಸಾಬು. ನಮ್ಮ ಬೀದಿಯ ಮಕ್ಕಳನ್ನು ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ಅದಕ್ಕೇ ಈ ಬರಹ.

ಮಾವುತನ ಮಗ

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ. ಕಬಿನಿ ಹೊಳೆಯ ದಂಡೆಯ ಕಾಡುಸೀಮೆ ಅದು. ಪಕ್ಕದ ಕಾಕನಕೋಟೆಯಲ್ಲಿ ಮೈಸೂರು ಮಹಾರಾಜರ ಖೆಡ್ಡಾ ನಡೆಯುತ್ತಿತ್ತು. ಖೆಡ್ಡಾ ಎಂದರೆ ಏನು ಎಂದು ಮೊಮ್ಮಗಳು ಕೇಳಿದಳು. ನೂರಾರು ಜನ ತಮಟೆ ಬಾರಿಸಿ, ಪಂಜು ಹಿಡಿದು, ಕಾಡಾನೆಗಳ ಹಿಂಡನ್ನು ಮೆಲ್ಲಗೆ ಅಟ್ಟಿಕೊಂಡು ಬಂದು ಗಟ್ಟಿ ಮರದ ಬೇಲಿಯೊಳಗೆ ಕೂಡುವುದು. ಆಮೇಲೆ ಸಾಕಾನೆಗಳ ಸಹಾಯದಿಂದ ಅವನ್ನು ಪಳಗಿಸುವುದು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ಮೇಲೆ ಕಬಿನಿ ಅಣೆಕಟ್ಟಿನ ನೀರು ಆ ಜಾಗದ ಬಹುಭಾಗವನ್ನು ಮುಳುಗಿಸಿತು. ಆನೆ ಹಿಡಿಯುವ ಪದ್ಧತಿಯೂ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು.

ಸಾಬುವಿನ ಅಪ್ಪ ಅರಮನೆಯ ಆನೆಗಳ ಮಾವುತ. ತಾಯಿಯನ್ನು ಸಾಬು ಎಳವೆಯಲ್ಲೇ ಕಳೆದುಕೊಂಡ. ಕೆಲವೇ ವರ್ಷಗಳಲ್ಲಿ ಅಪ್ಪನೂ ತೀರಿಕೊಂಡ. ತಬ್ಬಲಿ ಹುಡುಗನಿಗೆ ಅರಮನೆಯ ಆನೆಲಾಯವೇ ಆಸರೆಯಾಯಿತು. ಅಣ್ಣನೊಬ್ಬನಿದ್ದ. ಅವನ ಹೆಸರು ಶೇಖ್ ದಸ್ತಗೀರ್. ಮುಂದೆ ಹೊರದೇಶದ ಕಾಗದಪತ್ರಗಳಲ್ಲಿ ಅಣ್ಣನ ಹೆಸರೂ ಸೇರಿ ಹುಡುಗ ‘ಸಾಬು ದಸ್ತಗೀರ್’ ಎಂದಾದ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕರು ಮೈಸೂರಿಗೆ ಬಂದರು. ಮಂಜಿನ ನಾಡಿನ ಎಸ್ಕಿಮೊ ಜನರ ಬದುಕನ್ನು ‘ನಾನೂಕ್ ಆಫ್ ದ ನಾರ್ತ್’ ಎಂಬ ಚಿತ್ರದಲ್ಲಿ ತೋರಿಸಿ ಹೆಸರಾಗಿದ್ದವರು ಅವರು. ಈ ಸಲ ರಡ್ಯಾರ್ಡ್ ಕಿಪ್ಲಿಂಗ್ ಬರೆದ ತೂಮಾಯಿ ಎಂಬ ಮಾವುತ ಹುಡುಗನ ಕಥೆಯನ್ನು ಸಿನಿಮಾ ಮಾಡಬೇಕಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಮೈಸೂರಿನ ಚಿತ್ತರಂಜನ್ ಅರಮನೆಯಲ್ಲಿ ಚಿತ್ರತಂಡ ಬೀಡುಬಿಟ್ಟಿತು. ಆನೆ ಸಿಕ್ಕಿತು, ಕಾಡು ಸಿಕ್ಕಿತು. ಹುಡುಗ? ಹುಡುಕಿ ಹುಡುಕಿ ಕೊನೆಗೆ ಕಣ್ಣಿಗೆ ಬಿದ್ದವನು ಆನೆಲಾಯದ ಸಾಬು. ಆಗ ಅವನಿಗೆ ಹನ್ನೊಂದು ವರ್ಷ.

ಒಬ್ಬ ಹುಡುಗ, ಒಂದು ಆನೆ

‘ಎಲಿಫೆಂಟ್ ಬಾಯ್’ ತೆರೆಗೆ ಬಂದದ್ದು 1937ರಲ್ಲಿ. ಸರಿಯಾಗಿ ಹೇಳಬೇಕೆಂದರೆ ಇದು ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವರ ಬ್ರಿಟಿಷ್ ಚಿತ್ರ. ಹೊರಾಂಗಣವನ್ನು ಫ್ಲಾಹರ್ಟಿ ಮೈಸೂರು ಸೀಮೆಯಲ್ಲಿ ಚಿತ್ರಿಸಿದರೆ, ಮಾತಿನ ದೃಶ್ಯಗಳನ್ನು ಅಲೆಕ್ಸಾಂಡರ್ ಅವರ ತಮ್ಮ ಜೋಲ್ಟನ್ ಕೊರ್ಡಾ ಲಂಡನ್ ಹತ್ತಿರದ ಡೆನ್‌ಹ್ಯಾಂ ಸ್ಟುಡಿಯೊದಲ್ಲಿ ತೆಗೆದರು. ಅದಕ್ಕಾಗಿ ಸಾಬು ಅಣ್ಣನ ಜೊತೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋದ. ಇಂಗ್ಲಿಷ್ ಕಲಿತ. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರೂ ನಿರ್ದೇಶಕರಿಗೆ ಶ್ರೇಷ್ಠ ನಿರ್ದೇಶನದ ಪ್ರಶಸ್ತಿ ಬಂತು.

ಕಥೆ ಸರಳ. ತೂಮಾಯಿಯ ಅಪ್ಪ ಮಾವುತ, ಅವರ ಆನೆ ಕಾಲಾ ನಾಗ್. ಬಿಳಿಯ ಅಧಿಕಾರಿಯೊಬ್ಬನ ಜೊತೆ ಕಾಡಾನೆ ಹಿಡಿಯಲು ಹೋದಾಗ ಅಪ್ಪನನ್ನು ಹುಲಿ ಕೊಲ್ಲುತ್ತದೆ. ದುಃಖದಿಂದ ಆನೆ ಕೆರಳುತ್ತದೆ. ಹೊಸ ಮಾವುತ ಅದನ್ನು ಹಿಂಸಿಸುತ್ತಾನೆ, ಅದು ತಿರುಗಿ ಬೀಳುತ್ತದೆ. ಆನೆಯನ್ನು ಗುಂಡಿಟ್ಟು ಕೊಲ್ಲುತ್ತಾರೆಂದು ಗೊತ್ತಾದಾಗ ಹುಡುಗ ರಾತ್ರೋರಾತ್ರಿ ಅದರ ಬೆನ್ನೇರಿ ಕಾಡಿಗೆ ಹೊರಟುಬಿಡುತ್ತಾನೆ. ಅಲ್ಲಿ ಅವನಿಗೆ ಕಾಣುವುದು ಯಾವ ಮನುಷ್ಯನೂ ನೋಡಿರದ ನೋಟ: ಬೆಳದಿಂಗಳಲ್ಲಿ ಕಾಡಾನೆಗಳ ಕುಣಿತ.

ಕಾಲಾ ನಾಗ್ ಪಾತ್ರ ಮಾಡಿದ್ದು ಅರಮನೆಯ ಐರಾವತ. ಈ ಚಿತ್ರವನ್ನು ಮೊಮ್ಮಕ್ಕಳ ಜೊತೆ ನೋಡುವಾಗ ನಾನು ಆನೆಗಿಂತ ಹೆಚ್ಚಾಗಿ ಹುಡುಗನ ಕೈಕಾಲುಗಳನ್ನೇ ನೋಡುತ್ತಿದ್ದೆ. ಆನೆಯ ಕಿವಿಯ ಹಿಂದೆ ಅವನ ಪಾದ ಎಷ್ಟು ಸಲೀಸಾಗಿ ಕೂರುತ್ತದೆ! ಸೈಕಲ್ ಏರಿದಷ್ಟು ಸುಲಭವಾಗಿ ಆನೆ ಏರುತ್ತಾನೆ. ಅದು ಯಾರೂ ಹೇಳಿಕೊಟ್ಟ ನಟನೆಯಲ್ಲ, ಅಪ್ಪನಿಂದ ಬಂದ ಕಸುಬು. ನಮ್ಮೂರಲ್ಲಿ ಮಗ್ಗದ ಮುಂದೆ ಬೆಳೆದ ಮಕ್ಕಳು ಹರಿದ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕುತ್ತಾರಲ್ಲ, ಹಾಗೆ. ಅಪ್ಪ ಸತ್ತ ದೃಶ್ಯದ ನಂತರ ಮೊಮ್ಮಗ ಮೆಲ್ಲಗೆ ಕೇಳಿದ, “ತಾತ, ಅವನಿಗೆ ನಿಜವಾಗ್ಲೂ ಅಪ್ಪ ಇರ್ಲಿಲ್ವಲ್ಲ, ಹೆಂಗೆ ಮಾಡ್ದ ಇದನ್ನ?” ನನಗೆ ಉತ್ತರ ಹೊಳೆಯಲಿಲ್ಲ. ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹಾರುವ ಚಾಪೆ, ಮಾತಾಡುವ ಕಾಡು

ಸಾಬುವನ್ನು ಜಗತ್ತಿಗೇ ಪರಿಚಯಿಸಿದ ಚಿತ್ರ 1940ರ ‘ದ ಥೀಫ್ ಆಫ್ ಬಾಗ್ದಾದ್’. ಇಂಗ್ಲೆಂಡಿನಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗಲೇ ಎರಡನೇ ಮಹಾಯುದ್ಧ ಶುರುವಾಯಿತು. ತಂಡ ಅಮೆರಿಕಕ್ಕೆ ಹೋಗಿ ಹಾಲಿವುಡ್‌ನಲ್ಲಿ ಚಿತ್ರ ಮುಗಿಸಿತು. ಸಾಬು ಹಾಲಿವುಡ್ ಸೇರಿದ್ದು ಹೀಗೆ. ಛಾಯಾಗ್ರಹಣ, ಕಲಾ ನಿರ್ದೇಶನ, ವಿಶೇಷ ದೃಶ್ಯತಂತ್ರ ಎಂದು ಮೂರು ಆಸ್ಕರ್ ಈ ಚಿತ್ರಕ್ಕೆ ಸಿಕ್ಕವು.

ಇದರಲ್ಲಿ ಸಾಬು ಅಬು ಎಂಬ ಪುಟ್ಟ ಕಳ್ಳ. ಕಡಲ ದಂಡೆಯಲ್ಲಿ ಸಿಕ್ಕಿದ ಸೀಸೆಯ ಬಿರಡೆ ತೆಗೆದರೆ ಬೆಟ್ಟದಷ್ಟು ದೊಡ್ಡ ಭೂತ ಹೊರಗೆ ಬರುತ್ತದೆ. ಮೂರು ವರ ಕೊಡುತ್ತೇನೆ ಎನ್ನುತ್ತದೆ. ಹಸಿದಿದ್ದ ಅಬು ಮೊದಲ ವರದಲ್ಲಿ ಕೇಳುವುದು ರಾಜ್ಯವನ್ನಲ್ಲ, ಚಿನ್ನವನ್ನಲ್ಲ, ತಿನ್ನುವುದಕ್ಕೆ ಏನಾದರೂ! ನಮ್ಮ ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕದ್ದು ಇಲ್ಲಿ. ಕೊನೆಯಲ್ಲಿ ರಾಜ ಅವನನ್ನು ಶಾಲೆಗೆ ಸೇರಿಸಿ ಮಂತ್ರಿ ಮಾಡುತ್ತೇನೆ ಎಂದರೆ, ಅಬು ಹಾರುವ ಚಾಪೆ ಹತ್ತಿ ಪರಾರಿ. 1992ರ ಡಿಸ್ನಿ ಕಾರ್ಟೂನ್ ‘ಅಲ್ಲಾದೀನ್’ ನೋಡಿದ ಮಕ್ಕಳೇ, ಅಲ್ಲಿನ ಕೋತಿಯ ಹೆಸರೂ ಅಬು, ದುಷ್ಟ ಮಂತ್ರಿಯ ಹೆಸರು ಜಾಫರ್. ಈ ಎರಡು ಹೆಸರೂ ಸಾಬುವಿನ ಚಿತ್ರದಲ್ಲಿ ಐವತ್ತು ವರ್ಷ ಮೊದಲೇ ಇದ್ದವು.

ಚಾಪೆ ಹಾರಿದ್ದು ಹೇಗೆ? ಕಂಪ್ಯೂಟರ್ ಇಲ್ಲದ ಕಾಲ ಅದು. ನಟನನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ ಚಿತ್ರಿಸುತ್ತಿದ್ದರು. ಆಮೇಲೆ ಫಿಲ್ಮ್ ಸಂಸ್ಕರಣೆಯಲ್ಲಿ ಆ ನೀಲಿಯನ್ನು ತೆಗೆದು, ಆ ಜಾಗಕ್ಕೆ ಆಕಾಶವನ್ನೋ ಊರನ್ನೋ ಕೂಡಿಸುತ್ತಿದ್ದರು. ಲಾರೆನ್ಸ್ ಬಟ್ಲರ್ ಎಂಬವರು ಈ ಚಿತ್ರಕ್ಕಾಗಿ ಬೆಳೆಸಿದ ಈ ಉಪಾಯವೇ ಇಂದಿನ ಹಸಿರು ಪರದೆಯ ಹಿರಿಯಜ್ಜ.

1942ರಲ್ಲಿ ‘ಜಂಗಲ್ ಬುಕ್’ ಬಂತು. ಸಾಬು ಮೋಗ್ಲಿಯಾದ. ನಿಜವಾದ ಪ್ರಾಣಿಗಳು, ಕಣ್ಣು ಕುಕ್ಕುವ ಬಣ್ಣ. ಇದರಲ್ಲಿ ನಿಧಿಯ ಆಸೆಗೆ ಬಿದ್ದ ಮನುಷ್ಯರು ಒಬ್ಬರನ್ನೊಬ್ಬರು ಮುಗಿಸುವುದನ್ನು ನೋಡಿದರೆ, ಕಾಡಿನ ಪ್ರಾಣಿಗಳೇ ವಾಸಿ ಎನ್ನಿಸುತ್ತದೆ.

ರುಮಾಲು ಬಿಡದ ಪಾತ್ರಗಳು

1944ರಲ್ಲಿ ಸಾಬು ಅಮೆರಿಕದ ಪ್ರಜೆಯಾದ. ಸಿನಿಮಾ ಬಿಟ್ಟು ಅಲ್ಲಿನ ವಾಯುಪಡೆ ಸೇರಿದ. ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ಸಾಗರದ ಮೇಲೆ ಹಾರಿ, ಶೌರ್ಯಕ್ಕಾಗಿ ‘ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್’ ಪದಕ ಪಡೆದ. ಚಾಪೆಯ ಮೇಲೆ ಹಾರುವ ನಟನೆ ಮಾಡಿದ್ದ ಹುಡುಗ ನಿಜವಾಗಿಯೂ ಹಾರಿದ. ಅಲ್ಲಿ ಎದುರಿಗೆ ಬಂದವು ನಿಜವಾದ ಗುಂಡುಗಳು.

ಯುದ್ಧ ಮುಗಿಸಿ ಬಂದ ಮೇಲೆ 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಡೆಬೊರಾ ಕೆರ್ ಜೊತೆ ನಟಿಸಿದ. ಕಥೆ ನಡೆಯುವುದು ಹಿಮಾಲಯದಲ್ಲಿ, ಚಿತ್ರೀಕರಣವೆಲ್ಲ ಇಂಗ್ಲೆಂಡಿನಲ್ಲಿ. ಹಿಮಾಲಯವನ್ನು ಕಲಾವಿದರು ಬಣ್ಣದಲ್ಲಿ ಬರೆದಿದ್ದರು! ಆಮೇಲೆ ಒಳ್ಳೆಯ ಪಾತ್ರಗಳು ಕಡಿಮೆಯಾಗುತ್ತ ಬಂದವು. ಹುಡುಗ ದೊಡ್ಡವನಾಗಿದ್ದ, ಆದರೆ ಹಾಲಿವುಡ್ ಅವನಿಗೆ ಕೊಡುತ್ತಿದ್ದುದು ಅದೇ ಕಾಡು, ಅದೇ ಆನೆ, ಅದೇ ರುಮಾಲು. ಒಬ್ಬ ಡಾಕ್ಟರು, ಒಬ್ಬ ಮೇಷ್ಟ್ರು, ಒಬ್ಬ ಸಾಮಾನ್ಯ ಅಪ್ಪನಾಗಿ ಅವನನ್ನು ಕಾಣುವ ಕಣ್ಣು ಆ ಕಾಲದ ಹಾಲಿವುಡ್‌ಗೆ ಇರಲಿಲ್ಲ.

ನಮ್ಮ ದೇಶದ ಬಾಗಿಲು ಒಮ್ಮೆ ತೆರೆಯುವಂತಿತ್ತು. ಮೆಹಬೂಬ್ ಖಾನ್ ಅವರು ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಸಾಬುವನ್ನು ಆರಿಸಿದ್ದರು. ಅಮೆರಿಕದ ಪ್ರಜೆಯಾಗಿದ್ದ ಅವನಿಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್ ಪಾಲಾಯಿತು. ಹುಟ್ಟಿದ ನೆಲದಲ್ಲಿ ದೊಡ್ಡ ನಟನಾಗುವ ಅವಕಾಶ ಹಾಗೆ ತಪ್ಪಿತು. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ಸಾಬು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ವಯಸ್ಸು ಕೇವಲ 39. ಹೆಂಡತಿ ಮರಿಲಿನ್ ಮತ್ತು ಇಬ್ಬರು ಎಳೆಯ ಮಕ್ಕಳನ್ನು ಬಿಟ್ಟು ಹೋದ. ಅವನ ಮಕ್ಕಳೂ ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡರು.

ನಮ್ಮ ಬಂಡೆಗಳೂ ನಟಿಸಿವೆ

ನಮ್ಮ ಸೀಮೆಯ ಕಲ್ಲಿಗೂ ಇಂಥ ಒಂದು ಕಥೆ ಇದೆ. ಸಾವನದುರ್ಗ ಮತ್ತು ರಾಮನಗರದ ಬೆಟ್ಟಗಳು 2007ರ ತನಕ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇದ್ದವು. ‘ಲಾರೆನ್ಸ್ ಆಫ್ ಅರೇಬಿಯಾ’ ತೆಗೆದ ಡೇವಿಡ್ ಲೀನ್ ತಮ್ಮ ಕೊನೆಯ ಚಿತ್ರ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆ ಈ ಬಂಡೆಗಳನ್ನೇ ಆರಿಸಿಕೊಂಡರು. ಕಥೆಗೆ ಬೇಕಾದ ಗುಹೆಯ ಬಾಯಿಗಳನ್ನು ಬಂಡೆಯಲ್ಲಿ ಮಾಡಿಸಿದರು. 1984ರಲ್ಲಿ ತೆರೆಕಂಡ ಆ ಚಿತ್ರಕ್ಕೆ ಎರಡು ಆಸ್ಕರ್ ಬಂದವು. ‘ಶೋಲೆ’ಯ ಬೆಟ್ಟ ಎಂದು ತೋರಿಸುವ ಹಿರಿಯರು ಇನ್ನು ಮುಂದೆ ಇದನ್ನೂ ಸೇರಿಸಿ ಹೇಳಬಹುದು.

ಒಟ್ಟಿಗೆ ಕುಳಿತು ನೋಡಿ

ಹಳೆಯ ಚಿತ್ರ ನೋಡುವುದಕ್ಕೂ ಒಂದು ಅಭ್ಯಾಸ ಬೇಕು. ನಮ್ಮ ಮನೆಯಲ್ಲಿ ನಡೆದು ಬಂದ ಕ್ರಮ ಇದು:

ಮೊದಲು ಬಣ್ಣದ ಚಿತ್ರ ಹಾಕಿ. ‘ಥೀಫ್ ಆಫ್ ಬಾಗ್ದಾದ್’ ಅಥವಾ ‘ಜಂಗಲ್ ಬುಕ್’ ಆಗಬಹುದು. ರುಚಿ ಹತ್ತಿದ ಮೇಲೆ ಕಪ್ಪು–ಬಿಳುಪಿನ ‘ಎಲಿಫೆಂಟ್ ಬಾಯ್’. ತೀರಾ ಚಿಕ್ಕ ಮಕ್ಕಳಿದ್ದರೆ ಚಾಪ್ಲಿನ್ ಮೂಕಿ ಚಿತ್ರದಿಂದ ಶುರು ಮಾಡಿ, ಭಾಷೆಯ ತೊಂದರೆಯೇ ಇಲ್ಲ. ಒಂದೇ ಸಲಕ್ಕೆ ಪೂರ್ತಿ ನೋಡಬೇಕೆಂದಿಲ್ಲ. ಅರ್ಧಕ್ಕೆ ನಿಲ್ಲಿಸಿ, ಮುಂದೇನಾಗಬಹುದು ಎಂದು ಮಕ್ಕಳಿಂದಲೇ ಕಥೆ ಹೇಳಿಸಿ.

ಮಕ್ಕಳು ಪ್ರಶ್ನೆ ಕೇಳಿದರೆ ಸುಮ್ಮನಿರಿಸಬೇಡಿ. “ಎಲ್ಲಾ ಕಡೆ ಬಿಳಿಯೋನೇ ಯಾಕೆ ಯಜಮಾನ, ತಾತ?” ಎಂದಳು ಮೊಮ್ಮಗಳು. ಒಳ್ಳೆಯ ಪ್ರಶ್ನೆ. 1937ರಲ್ಲಿ ನಮ್ಮ ದೇಶ ಬ್ರಿಟಿಷರ ಕೈಯಲ್ಲಿತ್ತು, ಕಥೆ ಬರೆದವರೂ ಚಿತ್ರ ತೆಗೆದವರೂ ಆ ಕಣ್ಣಿನಿಂದಲೇ ನೋಡಿದರು. ‘ಎಲಿಫೆಂಟ್ ಬಾಯ್’ನಲ್ಲಿ ಮಾಚುವಾ ಅಪ್ಪ ಎಂಬ ಭಾರತೀಯನ ಪಾತ್ರ ಮಾಡಿದ್ದು ಕೂಡ ಇಂಗ್ಲಿಷ್ ನಟ ಆಲನ್ ಜೇಯ್ಸ್. ಇದನ್ನು ಮಕ್ಕಳಿಗೆ ತಿಳಿಸಿ ಹೇಳಿದರೆ ಚಿತ್ರದ ಸೊಗಸೇನೂ ಕಡಿಮೆಯಾಗುವುದಿಲ್ಲ. ಅಷ್ಟು ಜನ ಪಳಗಿದ ನಟರ ನಡುವೆ, ಎಂದೂ ಕ್ಯಾಮೆರಾ ಕಂಡಿರದ ಕಾರಾಪುರದ ಹುಡುಗನೇ ಎಲ್ಲರಿಗಿಂತ ನಿಜವಾಗಿ ಕಾಣುತ್ತಾನೆ ಎಂಬುದು ಆಗ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ಮಾತು. ಪರದೆಯ ಮೇಲೆ ಹೆಸರುಗಳು ಬರುವಾಗ ಅವಸರ ಮಾಡಿ ಮುಂದಕ್ಕೆ ಓಡಿಸಬೇಡಿ. ‘ಸಾಬು’ ಎಂಬ ಎರಡೇ ಎರಡು ಅಕ್ಷರದ ನಮ್ಮ ಊರ ಕಡೆಯ ಹೆಸರು ಅಲ್ಲಿ ಬರುತ್ತದೆ. ಮಕ್ಕಳಿಂದ ಅದನ್ನು ಗಟ್ಟಿಯಾಗಿ ಓದಿಸಿ.